ಗ್ರೇಡ್ 3 ಬೇರೆ, ಸ್ಟೇಜ್ 3 ಬೇರೆ: ಜೆರಾಕ್ಸ್ ಅಂಗಡಿಯಲ್ಲಿ ಕಲಿತದ್ದು

ಹಾಸನದ ದೊಡ್ಡಾಸ್ಪತ್ರೆಗೆ ಹತ್ತಿರದಲ್ಲೇ ನನ್ನ ಅಂಗಡಿ. ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಮೆಷಿನ್, ಹೊರಗೆ ಒಂದು ಬೆಂಚು. ಪಹಣಿ ತೆಗೆದುಕೊಡುತ್ತೇನೆ, ಜಾತಿ-ಆದಾಯದ ಅರ್ಜಿ ಹಾಕಿಕೊಡುತ್ತೇನೆ. ಆದರೆ ಜಾಗ ಅಂಥದ್ದು, ರಿಪೋರ್ಟ್ ಹಿಡಿದುಕೊಂಡು ಬರುವವರೇ ಜಾಸ್ತಿ. ಜೆರಾಕ್ಸ್ ಆಗುವಷ್ಟರಲ್ಲಿ ಒಂದು ಮಾತು ಬಂದೇ ಬರುತ್ತದೆ: "ಇದ್ರಲ್ಲಿ ಏನ್ ಬರ್ದವ್ರೆ, ಒಸಿ ನೋಡಣ್ಣ."

ನೋಡುತ್ತಿದ್ದೆ. ಇಂಗ್ಲಿಷ್ ಓದಲು ಬರುತ್ತದೆ ಅನ್ನುವ ಜಂಬ ಬೇರೆ.

ಒಂದು ದಿನ ಅರಕಲಗೂಡು ಕಡೆಯ ಹುಡುಗನೊಬ್ಬ ತಾಯಿಯ ಬಯಾಪ್ಸಿ ರಿಪೋರ್ಟ್ ತಂದ, ಅಂದರೆ ಗಡ್ಡೆಯ ಚೂರು ತೆಗೆದು ಪರೀಕ್ಷೆ ಮಾಡಿದ್ದು. ಎದೆಯಲ್ಲಿ ಗಡ್ಡೆ. ಬೆಂಗಳೂರಿಗೆ ಹೋಗಬೇಕು, ಮೂರು ಸೆಟ್ ಜೆರಾಕ್ಸ್ ಬೇಕು ಅಂದ. ರಿಪೋರ್ಟಿನಲ್ಲಿ 'ಗ್ರೇಡ್ 3' ಅಂತ ಇತ್ತು. ನಾನು ಗೂಗಲ್‌ನಲ್ಲಿ 'ಸ್ತನ ಕ್ಯಾನ್ಸರ್ ಮೂರನೇ ಹಂತ' ಅಂತ ಹೊಡೆದೆ. ಬಂದ ಪುಟದಲ್ಲಿ ಐದು ವರ್ಷಕ್ಕೆ ನೂರರಲ್ಲಿ ಎಷ್ಟು ಜನ ಉಳಿಯುತ್ತಾರೆ ಅನ್ನುವ ಲೆಕ್ಕ ಇತ್ತು. ಅದನ್ನೂ ಗಟ್ಟಿಯಾಗಿ ಓದಿ ಹೇಳಿದೆ. ತಾಯಿ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ನಾನು ಅತ್ತ ನೋಡಲೇ ಇಲ್ಲ.

ಮೂರು ವಾರ ಬಿಟ್ಟು ಹುಡುಗ ಮತ್ತೆ ಬಂದ.

"ಅಣ್ಣಾ, ಸ್ಕ್ಯಾನ್ ಎಲ್ಲಾ ಆಯ್ತು. ಎರಡನೇ ಸ್ಟೇಜ್ ಅಂದ್ರು. ನೀವು ಮೂರು ಅಂದಿದ್ರಲ್ಲ?"

ಅವನಿಗೆ ಸಿಟ್ಟೇನೂ ಇರಲಿಲ್ಲ. ಸುಮ್ನೆ ಕೇಳಿದ, ಅಷ್ಟೇ. ಆಮೇಲೆ ಪರ್ಸ್ ತೆಗೆಯುತ್ತಾ, "ಅವತ್ತಿಂದ ಎರಡು ದಿನ ಅವ್ವ ಮುದ್ದೆ ಮುಟ್ಲಿಲ್ಲ" ಅಂದ. ಆ ದಿನದ ದುಡ್ಡು ನಾನು ತೆಗೆದುಕೊಳ್ಳಲಿಲ್ಲ. ಅದರಿಂದ ಏನೂ ಸರಿಹೋಗಲಿಲ್ಲ ಅನ್ನಿ.

ಅಂಗಡಿ ಮುಚ್ಚಿದ ಮೇಲೆ ಕೂತು ಓದಿದೆ. ಗ್ರೇಡ್ ಅಂದರೆ ಆ ಜೀವಕೋಶಗಳು ಮೈಕ್ರೋಸ್ಕೋಪಿನಲ್ಲಿ ಆರೋಗ್ಯವಂತ ಕೋಶಗಳಿಗಿಂತ ಎಷ್ಟು ಬೇರೆಯಾಗಿ ಕಾಣುತ್ತವೆ ಅನ್ನೋದು. ಬೇಗ ಬೆಳೆಯುವ ಥರದ್ದಾ, ನಿಧಾನದ್ದಾ ಅನ್ನೋ ಅಂದಾಜು ಅದರಿಂದ ಸಿಗುತ್ತದೆ. ಸ್ಟೇಜ್ ಅಂದರೆ ಗಡ್ಡೆ ಎಷ್ಟು ದೊಡ್ಡದು, ಎಲ್ಲಿಯವರೆಗೆ ಹಬ್ಬಿದೆ ಅನ್ನೋದು. ಹೊಲದಲ್ಲಿ ಕಳೆ ಯಾವ ಜಾತಿಯದು ಅನ್ನೋದು ಒಂದು ಮಾತು, ಎಷ್ಟು ಗುಂಟೆಗೆ ಹಬ್ಬಿದೆ ಅನ್ನೋದು ಇನ್ನೊಂದು ಮಾತು, ಅಲ್ವಾ? ಕನ್ನಡದಲ್ಲಿ ನಾವು ಎರಡನ್ನೂ 'ಹಂತ' ಅಂದುಬಿಡುತ್ತೇವೆ. ಪುಟದಲ್ಲಿ ತಪ್ಪಿರಲಿಲ್ಲ. ನಾನು ಹುಡುಕಿದ ಪದವೇ ತಪ್ಪು. ಆ ಐದು ವರ್ಷದ ಲೆಕ್ಕವೂ ಹಿಂದೆ ಚಿಕಿತ್ಸೆ ಪಡೆದ ಬೇರೆ ದೇಶದ ಜನರದ್ದು. ಒಬ್ಬರ ವಿಷಯದಲ್ಲಿ ಏನಾಗುತ್ತದೆ ಅಂತ ಅದು ಹೇಳಲ್ಲ. ಹಾಗಂತ ಅದೇ ಪುಟದ ಕೆಳಗೆ ಬರೆದಿತ್ತು. ನಾನು ಅಲ್ಲಿಯವರೆಗೆ ಹೋಗಿರಲಿಲ್ಲ.

ಅವತ್ತಿನಿಂದ ರಿಪೋರ್ಟ್ ಓದಿ ಹೇಳುವುದನ್ನು ಬಿಟ್ಟಿದ್ದೇನೆ. ಬದಲಿಗೆ ಒಂದು ಚೀಟಿಯಲ್ಲಿ ಡಾಕ್ಟರಿಗೆ ಕೇಳಬೇಕಾದ್ದನ್ನು ಬರೆದುಕೊಡುತ್ತೇನೆ. ಸ್ಟೇಜ್ ಗೊತ್ತಾಗಿದೆಯಾ, ಇನ್ನೂ ಯಾವ ಪರೀಕ್ಷೆ ಬಾಕಿ, ಚಿಕಿತ್ಸೆಯ ಉದ್ದೇಶ ಏನು, ರಾತ್ರಿ ಹೊತ್ತು ತೊಂದರೆಯಾದರೆ ಯಾವ ನಂಬರಿಗೆ ಫೋನ್ ಮಾಡಬೇಕು.

ಹುಡುಕುವುದನ್ನು ಬಿಟ್ಟಿಲ್ಲ. ಹುಡುಕುವ ವಿಷಯ ಬದಲಾಗಿದೆ. ಬಾಯಿ ಹುಣ್ಣು, ವಾಂತಿ, ಊಟ, ಜ್ವರ, ರೈಲು ರಿಯಾಯಿತಿಯ ಫಾರಂ. ಮನೆಯಲ್ಲಿ ನೋಡಿಕೊಳ್ಳುವವರಿಗೆ ದಿನಾ ಬೇಕಾಗುವುದು ಇವೇ. ಅಮೆರಿಕ ಸರ್ಕಾರದ ನ್ಯಾಷನಲ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ಒಂದೇ ಕಾಯಿಲೆಗೆ ಎರಡು ಥರದ ಪುಟ ಹಾಕುತ್ತದೆ, ಒಂದು ಡಾಕ್ಟರಿಗೆ, ಇನ್ನೊಂದು ರೋಗಿಗೆ. ಮೊದಮೊದಲು ನಾನು ಡಾಕ್ಟರದ್ದನ್ನೇ ಪ್ರಿಂಟ್ ಹೊಡೆದು ಕೊಟ್ಟಿದ್ದೆ, ದಪ್ಪಗಿದೆ ಅಂತ! ಈಗ ರೋಗಿಯದ್ದನ್ನು ತೆಗೆದು, ಯಾವಾಗ ತಿದ್ದಿದ್ದು ಅನ್ನೋ ತಾರೀಕು ನೋಡಿ, ಬೇಕಾದ ನಾಲ್ಕು ಸಾಲು ಮಾತ್ರ ಕನ್ನಡದಲ್ಲಿ ಬರೆಯುತ್ತೇನೆ.

ಕನ್ನಡದಲ್ಲಿ ಹುಡುಕಿದರೆ ಮೊದಲು ಬರೋದು ವಿಡಿಯೋಗಳು. ನಿಂಬೆಹಣ್ಣು, ಅಡುಗೆ ಸೋಡಾ ಕುಡಿದರೆ ಕ್ಯಾನ್ಸರ್ ಮಾಯ ಅನ್ನೋ ಥರದ್ದು. ಆಲೂರಿನ ಒಬ್ಬ ಯಜಮಾನರು ಅದನ್ನು ಬರೆದುಕೊಡು ಅಂತ ಪಟ್ಟು ಹಿಡಿದರು. ತಮಾಷೆ ಏನಂದರೆ, ಆ ಅಮೆರಿಕದ ಪುಟದಲ್ಲೂ ಅಡುಗೆ ಸೋಡಾ ಇದೆ! ಕಿಮೋದಿಂದ, ಅಂದರೆ ಕ್ಯಾನ್ಸರಿಗೆ ಕೊಡುವ ಔಷಧಿಯಿಂದ, ಬಾಯಿ ಹುಣ್ಣಾದಾಗ ಮುಕ್ಕಳಿಸುವುದಕ್ಕೆ. ಒಂದು ಕಪ್, ಅಂದರೆ ಸುಮಾರು 240 ಎಂಎಲ್ ಬೆಚ್ಚಗಿನ ನೀರಿಗೆ ಕಾಲು ಟೀ ಚಮಚ ಸೋಡಾ, ಅದರ ಅರ್ಧದಷ್ಟು ಉಪ್ಪು. ಮುಕ್ಕಳಿಸಿ ಉಗಿದು, ಬರೀ ನೀರಿನಲ್ಲಿ ಮತ್ತೊಮ್ಮೆ ಮುಕ್ಕಳಿಸಬೇಕು. "ಸೋಡಾ ಬಾಯಿಗೆ, ಹೊಟ್ಟೆಗಲ್ಲ ಯಜಮಾನ್ರೇ" ಅಂದೆ. ನಕ್ಕರು. ವಿಡಿಯೋವನ್ನು ಪೂರ್ತಿ ಬಿಟ್ಟರೋ ಇಲ್ಲವೋ, ಚೀಟಿಯನ್ನಂತೂ ಜೇಬಿಗೆ ಹಾಕಿಕೊಂಡರು.

ಇನ್ನೊಂದು ಸಾಲನ್ನು ದಪ್ಪ ಅಕ್ಷರದಲ್ಲಿ ಪ್ರಿಂಟ್ ಮಾಡಿ ಫೈಲಿಗೇ ಅಂಟಿಸಿಕೊಡುತ್ತೇನೆ. ಕಿಮೋ ನಡೆಯುವಾಗ ಜ್ವರ 100.4 ಡಿಗ್ರಿ ಮುಟ್ಟಿದರೆ ಕೂಡಲೇ ಆಸ್ಪತ್ರೆಗೆ ಫೋನ್. ಡಾಕ್ಟರನ್ನು ಕೇಳದೆ ಜ್ವರದ ಮಾತ್ರೆ ನುಂಗಿಸಿ, ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ. ಆಗ ಬಿಳಿ ರಕ್ತಕಣ ಕಡಿಮೆಯಾಗಿರಬಹುದು, ಸೋಂಕು ಬೇಗ ಏರುತ್ತದೆ.

ದುಡ್ಡಿನ ವಿಷಯ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೇಳುತ್ತಾರೆ, ಬಸ್ ಹತ್ತುವ ಮುಂಚೆ ಅದನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು. ರೈಲಿನ ರಿಯಾಯಿತಿಯಂತೂ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರಿನಲ್ಲಿ ಪೂರ್ತಿ ಮಾಫಿ, ಜೊತೆಗೆ ಹೋಗುವ ಒಬ್ಬರಿಗೆ ನೂರಕ್ಕೆ 75 ರಿಯಾಯಿತಿ. ಫಾರಂ ನಾನು ಪ್ರಿಂಟ್ ಕೊಡುತ್ತೇನೆ, ಆಸ್ಪತ್ರೆಯಲ್ಲಿ ಸಹಿ, ಸೀಲು ಹಾಕಿಸಿ ಕೌಂಟರಿಗೆ ಕೊಡಬೇಕು. ಅರಕಲಗೂಡಿನ ಹುಡುಗ ಎರಡನೇ ಸಲ ಬಂದದ್ದೂ ಇದೇ ಫಾರಂಗೆ.

ಹೋದ ತಿಂಗಳು ಆ ತಾಯಿಯೇ ಬಂದಿದ್ದರು. ತಲೆಗೆ ಸೆರಗು ಹೊದ್ದಿದ್ದರು, ಕೈಯಲ್ಲಿ ಹಾಲಿನ ಡೈರಿಯ ಪಾಸ್‌ಬುಕ್. ನನ್ನನ್ನು ಗುರುತು ಹಿಡಿದರು. ಪುಸ್ತಕವನ್ನು ಗಾಜಿನ ಮೇಲೆ ತಾವೇ ಬೋರಲು ಹಾಕಿ ಹೇಳಿದರು:

"ಇದ್ನ ಓದಕ್ ಹೋಗ್ಬೇಡ ಕಣಪ್ಪ. ಸುಮ್ನೆ ಜೆರಾಕ್ಸ್ ತೆಗಿ."