‘ಎಷ್ಟು ತಿಂಗಳಿಗೆ ತಯಾರಾಗುತ್ತದೆ?’ ಎಂದು ಕೇಳುವವರಿಗೆ

ನಮ್ಮ ಮನೆಯಲ್ಲಿ ಐದು ತಿಂಗಳ ನಾಯಿಮರಿ ಇದೆ. ಹೆಸರು ಮುತ್ತು. ಹಾಸಿಗೆ ಹಿಡಿದವರು, ವೃದ್ಧಾಶ್ರಮದ ಹಿರಿಯರು, ಮಾತು ಬಾರದ ಮಕ್ಕಳು ಇಂಥವರ ಪಕ್ಕದಲ್ಲಿ ಮುಂದೆ ಅದು ಹೋಗಿ ಕೂರಲಿ ಎಂಬ ಆಸೆಯಿಂದ ಸಾಕುತ್ತಿದ್ದೇನೆ. ಇಂಥ ನಾಯಿಗಳನ್ನು ಥೆರಪಿ ನಾಯಿ ಎನ್ನುತ್ತಾರೆ. ಈ ಸುದ್ದಿ ಹಬ್ಬಿದ ಮೇಲೆ ದಾವಣಗೆರೆಯ ಕುಂದವಾಡ ಕೆರೆಯ ಏರಿಯಲ್ಲೂ ತರಕಾರಿ ಅಂಗಡಿಯಲ್ಲೂ ನನಗೆ ಎದುರಾಗುವುದು ಒಂದೇ ಪ್ರಶ್ನೆ: “ಎಷ್ಟು ತಿಂಗಳಿಗೆ ತಯಾರಾಗುತ್ತದೆ ಮೇಡಂ?” ದರ್ಜಿಗೆ ಹೊಲಿಯಲು ಕೊಟ್ಟ ಅಂಗಿಯನ್ನು ವಿಚಾರಿಸುವ ಧಾಟಿ ಅದು. ಮೊದಮೊದಲು ನಿಂತು ವಿವರಿಸುತ್ತಿದ್ದೆ. ಈಗ ಸಾಕಾಗಿದೆ.

ಲೆಕ್ಕವೇ ಬೇಕೆಂದರೆ ತೆಗೆದುಕೊಳ್ಳಿ. ಇಂಥ ನಾಯಿಗಳನ್ನು ನೋಂದಾಯಿಸುವ ಅಮೆರಿಕದ ದೊಡ್ಡ ಸಂಸ್ಥೆಗಳು ನಾಯಿಗೆ ಒಂದು ವರ್ಷವಾದರೂ ತುಂಬಿರಬೇಕು ಎನ್ನುತ್ತವೆ. ಹರೆಯದ ನಾಯಿಯ ಸ್ವಭಾವ ಇನ್ನೂ ನೆಲೆ ನಿಂತಿರುವುದಿಲ್ಲ. ಐದು ತಿಂಗಳಲ್ಲಿ ಧೈರ್ಯವಾಗಿದ್ದ ಮರಿ ಎಂಟು ತಿಂಗಳಲ್ಲಿ ಛತ್ರಿ ಕಂಡು ಬೆದರಬಹುದು. ವರ್ಷ ತುಂಬಿತೆಂದು ಕೆಲಸ ಮುಗಿಯಿತೆಂದೂ ಅಲ್ಲ.

ನಿಜವಾದ ಅವಸರ ಇರುವುದು ಆರಂಭದ ವಾರಗಳಲ್ಲಿ. ಮರಿಗೆ 3ನೇ ವಾರದಿಂದ ಸುಮಾರು 14ನೇ ವಾರದವರೆಗೆ ಲೋಕದ ಪರಿಚಯವಾಗುವ ಕಾಲ. ಆಗ ಕಂಡದ್ದು, ಕೇಳಿದ್ದು ಹಿತವಾಗಿದ್ದರೆ ಜೀವನಪೂರ್ತಿ ಅದರ ಭಯ ಕಡಿಮೆ. ತೊಡಕೆಂದರೆ, ಲಸಿಕೆಗಳ ಸರಣಿ ಮುಗಿಯುವುದೇ ಸುಮಾರು 16ನೇ ವಾರಕ್ಕೆ. ಮರಿಗಳಿಗೆ ವಾಂತಿ-ಭೇದಿ ತರುವ ಪಾರ್ವೋ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಮರಿಗೆ ತಗುಲಿದರೆ ಉಳಿಯುವುದು ಕಷ್ಟ. ಹಾಗಾಗಿ ಮುತ್ತುವನ್ನು ನೆಲಕ್ಕೆ ಬಿಡದೆ ಎತ್ತಿಕೊಂಡೇ ಊರು ತೋರಿಸಿದೆ. ರೈಲು ನಿಲ್ದಾಣದ ಎದುರಿನ ರಸ್ತೆಯಲ್ಲಿ ದೂರ ನಿಂತು ಗೂಡ್ಸ್ ಗಾಡಿಯ ಸದ್ದು ಕೇಳಿಸಿದೆ. ಹೆಲ್ಮೆಟ್ ತೊಟ್ಟವರು, ಬುರ್ಖಾ ಧರಿಸಿದವರು, ಖಾಕಿ ಅಂಗಿಯ ಆಟೋ ಚಾಲಕರು, ಊರುಗೋಲು ಹಿಡಿದ ತಾತಂದಿರು, ಎಲ್ಲರನ್ನೂ ಅದು ನನ್ನ ತೋಳಿನಿಂದಲೇ ನೋಡಿತು. ಮನೆಯಲ್ಲಿ ಕಿವಿ, ಪಂಜ, ಬಾಯಿ ಮುಟ್ಟಿಸಿಕೊಳ್ಳುವ ಅಭ್ಯಾಸ. ನುಣುಪಾದ ಗ್ರಾನೈಟ್ ನೆಲದ ಮೇಲೆ ಜಾರದೆ ನಡೆಯುವ ಅಭ್ಯಾಸ.

“ಶೇಕ್‌ಹ್ಯಾಂಡ್ ಕೊಡುತ್ತದೆಯೇ?” ಎಂದು ಕೇಳುತ್ತಾರೆ. ಕಲಿಸಿಲ್ಲ. ವಯಸ್ಸಾದವರ ಚರ್ಮ ತೆಳು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಉಗುರು ತಾಗಿದರೂ ರಕ್ತ ಬೇಗ ನಿಲ್ಲುವುದಿಲ್ಲ. ಅದಕ್ಕೇ ಮುತ್ತು ಮೊದಲು ಕಲಿತದ್ದು ಮೈಮೇಲೆ ಹಾರದಿರುವುದನ್ನು. ಎರಡನೆಯದು ‘ಬಿಡು’ ಎಂಬ ಮಾತು. ರೋಗಿಯ ಮಂಚದ ಕೆಳಗೆ ಮಾತ್ರೆ ಬಿದ್ದಿರುತ್ತದೆ; ಬಾಯಿ ಹಾಕಿದರೆ ನಾಯಿಯ ಜೀವಕ್ಕೇ ಕುತ್ತು.

ಆ ‘ಬಿಡು’ ಈಚೆಗೆ ನಮ್ಮ ಬೀದಿಯಲ್ಲೇ ಉಪಯೋಗಕ್ಕೆ ಬಂತು. ಒಂದು ಮನೆಯಲ್ಲಿ ಸೀಮಂತ. ಮುಂದೆ ಪೆಂಡಾಲ್, ನೆಂಟರೆಲ್ಲ ಸೇರಿ ಮಂಡಕ್ಕಿ, ಮೆಣಸಿನಕಾಯಿ ತಿನ್ನುತ್ತಿದ್ದರು. ಮುತ್ತುವಿನ ಜೊತೆ ನಾನು ಹಾದುಹೋಗುವಾಗ ಒಬ್ಬರು ಎದ್ದು ಬಂದು ಕೇಳದೆ ಅದನ್ನು ಎತ್ತಿಕೊಂಡರು. ಅವರ ಮಡಿಲಿನಿಂದ ಇನ್ನೊಬ್ಬರ ಮಡಿಲಿಗೆ, ಅಲ್ಲಿಂದ ಮಕ್ಕಳ ಕೈಗೆ. ಒಬ್ಬ ಹುಡುಗ ಕುತ್ತಿಗೆ ಬಳಸಿ ಬಿಗಿಯಾಗಿ ಅಪ್ಪಿಕೊಂಡ. ಮುತ್ತು ಮುಖ ಆಚೆ ತಿರುಗಿಸಿತು, ತುಟಿ ನೆಕ್ಕಿಕೊಂಡಿತು, ಆಕಳಿಸಿತು. “ಪಾಪ, ನಿದ್ದೆ ಬಂದಿದೆ” ಎಂದು ಎಲ್ಲರೂ ನಕ್ಕರು. ಅದು ನಿದ್ದೆಯಲ್ಲ. ನಾಯಿ ‘ನನಗೆ ಸಾಕು’ ಎಂದು ಹೇಳುವ ಬಗೆ ಅದು. ಅದನ್ನು ಯಾರೂ ಕೇಳಿಸಿಕೊಳ್ಳದಿದ್ದರೆ ಮುಂದಿನದು ಗುರುಗುಟ್ಟುವುದು, ಆಮೇಲೆ ಹಲ್ಲು. ಅಷ್ಟರಲ್ಲಿ ಒಬ್ಬರು ಈರುಳ್ಳಿ ಬೆರೆಸಿದ ಮಂಡಕ್ಕಿಯನ್ನು ಅದರ ಮೂತಿಗೆ ಹಿಡಿದರು. ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತದೆ. “ಬಿಡು” ಎಂದೆ. ಮುತ್ತು ಬಿಟ್ಟಿತು. ಹುಡುಗನ ತೋಳು ಸಡಿಲಿಸಿ ಮರಿಯನ್ನು ಎತ್ತಿಕೊಂಡು ಹೊರಟಾಗ ಹಿಂದಿನಿಂದ ಮಾತು ಬಂತು: “ಅಯ್ಯೋ ಅಕ್ಕಾ, ಥೆರಪಿ ನಾಯಿ ಎಂದ ಮೇಲೆ ಇಷ್ಟೂ ಸಹಿಸದಿದ್ದರೆ ಹೇಗೆ?”

ಸಹಿಸುವುದಕ್ಕಾಗಿ ನಾನು ಮರಿಯನ್ನು ಸಾಕುತ್ತಿಲ್ಲ. 1960ರ ದಶಕದಲ್ಲಿ ನ್ಯೂಯಾರ್ಕಿನ ಮಕ್ಕಳ ಮನಶ್ಶಾಸ್ತ್ರಜ್ಞ ಬೋರಿಸ್ ಲೆವಿನ್ಸನ್ ತಮ್ಮ ನಾಯಿ ಜಿಂಗಲ್ಸ್ ಬಗ್ಗೆ ಬರೆದರು. ಯಾರೊಂದಿಗೂ ಬೆರೆಯದ ಒಬ್ಬ ಹುಡುಗನನ್ನು ತಾಯಿ ಕರೆತಂದಾಗ ನಾಯಿ ತಾನಾಗಿ ಅವನ ಬಳಿ ಹೋಯಿತು, ಹುಡುಗ ಅದನ್ನು ಅಪ್ಪಿಕೊಂಡ. ಜಿಂಗಲ್ಸ್‌ಗೆ ಹೋಗು ಎಂದು ಯಾರೂ ಹೇಳಿರಲಿಲ್ಲ. ನಾಯಿ ಬಂದು ಮಂಚದ ಪಕ್ಕ ಕೂತರೆ ಮನುಷ್ಯನಿಗೆ ಹಿತವಾಗುವುದು, ಅದು ಇಷ್ಟಪಟ್ಟು ಬಂದಿದೆ ಎಂಬುದಕ್ಕೆ. ಕಟ್ಟಿಹಾಕಿ ಕೂರಿಸಿದ ನಾಯಿಯಿಂದ ಯಾವ ಅಜ್ಜಿಗೂ ಸಮಾಧಾನ ಸಿಗದು.

ಹಾಗಾಗಿ ನೀವು ನನ್ನನ್ನು ಕೇಳಬೇಕಾದದ್ದು ಬೇರೆ: ಮುತ್ತುವಿಗೆ ಈ ಕೆಲಸ ಇಷ್ಟವಿಲ್ಲದಿದ್ದರೆ? ಒಬ್ಬರೂ ಕೇಳಿಲ್ಲ. ಉತ್ತರ ನನ್ನಲ್ಲಿ ಸಿದ್ಧವಿದೆ. ಇಷ್ಟವಿಲ್ಲದಿದ್ದರೆ ಹೋಗುವುದಿಲ್ಲ. ಹೊಸಬರನ್ನು ಕಂಡು ಹಿಂದೆ ಸರಿಯುವ ನಾಯಿಯಾಗಿ ಬೆಳೆದರೆ ನಮ್ಮ ಮನೆಯ ನಾಯಿಯಾಗಿ ನೆಮ್ಮದಿಯಿಂದ ಇರುತ್ತದೆ. “ಹಾಗಾದರೆ ಇಷ್ಟು ಕಷ್ಟಪಟ್ಟದ್ದೆಲ್ಲ ದಂಡವಲ್ಲವೇ?” ಎನ್ನಬೇಡಿ. ಪಟಾಕಿಗೆ ನಡುಗದ, ಮಕ್ಕಳ ಮೈಮೇಲೆ ಹಾರದ, ಹೇಳಿದ ಮಾತು ಕೇಳುವ ನಾಯಿ ಯಾವ ಬೀದಿಗೂ ದಂಡವಲ್ಲ.

ಇನ್ನು ಮುತ್ತುವನ್ನು ಮುಟ್ಟಬೇಕೆನಿಸಿದವರಿಗೆ. ಮೊದಲು ನನ್ನನ್ನು ಕೇಳಿ. ಅದರ ಮೇಲೆ ಬಾಗದೆ ಪಕ್ಕಕ್ಕೆ ತಿರುಗಿ ಕೂತುಕೊಳ್ಳಿ, ಕೈಯನ್ನು ಕೆಳಗಿಟ್ಟು ಅದೇ ಬಂದು ಮೂಸಲು ಬಿಡಿ. ತಲೆಯ ಮೇಲಲ್ಲ, ಎದೆಯ ಬಳಿ ಎರಡು ಮೂರು ಸೆಕೆಂಡು ಸವರಿ ಕೈ ತೆಗೆಯಿರಿ. ಮತ್ತೆ ಹತ್ತಿರ ಬಂದರೆ ಮುಂದುವರಿಸಿ. ಬಾರದಿದ್ದರೆ ಕರೆಯಬೇಡಿ, ಬಿಸ್ಕತ್ತು ತೋರಿಸಿ ಒಲಿಸಬೇಡಿ. ಇನ್ನೊಂದು ದಿನ ನೋಡೋಣ.