ಸೋದರಮಾವ ಕೊಟ್ಟರೆ ತೆರಿಗೆ ಇಲ್ಲ, ಮಾವನಿಗೆ ಕೊಟ್ಟರೆ ಇದೆ

ಗಿಫ್ಟ್ ಡೀಡ್ (ದಾನಪತ್ರ) ಫಾರ್ಮ್ಯಾಟ್ ವಾಟ್ಸಾಪ್ ಮಾಡಿ ಅಂತ ಫೋನ್ ಬಂದರೆ, ತೆರಿಗೆ ರಿಟರ್ನ್ ತುಂಬಿಕೊಡುವ ನಮ್ಮ ಆಫೀಸಿನಲ್ಲಿ ಯಾರೂ ತಲೆ ಎತ್ತುವುದಿಲ್ಲ. 2025ರ ಜುಲೈನಲ್ಲಂತೂ ಪುರುಸೊತ್ತೇ ಇರಲಿಲ್ಲ. ರಿಟರ್ನ್ ಗಡುವು ಸೆಪ್ಟೆಂಬರ್‌ಗೆ ಹೋಗಿದೆ ಅಂತ ಕ್ಲೈಂಟ್‌ಗಳು ಆರಾಮಾಗಿದ್ದರು. ನಮಗೆ ರಿಟರ್ನ್ ತುಂಬುವ ಸಾಫ್ಟ್‌ವೇರ್ ಬಂದಿದ್ದೇ ತಡವಾಗಿ, ಮೇಲೆ ಶಿವಮೊಗ್ಗದ ಮಳೆ, ಕುಂಯ್ ಅನ್ನುವ ಯುಪಿಎಸ್.

ಆವತ್ತು ಫೋನ್ ಮಾಡಿದ್ದು ತೀರ್ಥಹಳ್ಳಿ ಕಡೆಯ ರಿಟೈರ್ಡ್ ಮೇಷ್ಟ್ರು. ಅವರ ಅಕ್ಕ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ವಿಲ್ ಪ್ರಕಾರ 40 ಲಕ್ಷದ ಎಫ್‌ಡಿ ಮೇಷ್ಟ್ರ ತಂಗಿಯ ಮಗಳಿಗೆ ಬಂದಿತ್ತು. ಕಾಯಿಲೆಯಲ್ಲಿ ನೋಡಿಕೊಂಡವರು ಮಾವ, ಅರ್ಧ ಅವರಿಗೇ ಸೇರಬೇಕು ಅಂತ ಆ ಹುಡುಗಿ ಬೆಂಗಳೂರಿನಿಂದ ಬಂದಿದ್ದಳು. ಇಬ್ಬರೂ ಬ್ಯಾಂಕಿನಲ್ಲೇ ಕೂತಿದ್ದರು. ಆರ್‌ಟಿಜಿಎಸ್ ಫಾರಂ ತುಂಬಿ ಆಗಿತ್ತು.

ಕೊಡುವವರು, ಪಡೆಯುವವರು, ಪ್ಯಾನ್ ಎಲ್ಲಾ ಟೈಪ್ ಮಾಡಿ 'ಸಂಬಂಧ' ಅನ್ನುವ ಕಾಲಂಗೆ ಬಂದಾಗ ನನ್ನ ಕೈ ನಿಂತಿತು. ಸೋದರಮಾವ ತಂಗಿಯ ಮಗಳಿಗೆ ಕೊಟ್ಟರೆ ಪೂರ್ತಿ ಮಾಫಿ. ತಂದೆತಾಯಿಯ ಒಡಹುಟ್ಟಿದವರು ಆಗಿನ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 56ರ ನೆಂಟರ ಪಟ್ಟಿಯಲ್ಲಿ ಇದ್ದಾರೆ. ಆದರೆ ಪಟ್ಟಿ ನೋಡಬೇಕಾದ್ದು ಪಡೆಯುವವರ ಕಡೆಯಿಂದ. ಮಾವನ ಪಟ್ಟಿಯಲ್ಲಿ ಅಕ್ಕ ಇದ್ದಾಳೆ, ತಂಗಿ ಇದ್ದಾಳೆ, ತಂಗಿಯ ಮಗಳು ಇಲ್ಲ! ಪಟ್ಟಿಯ ಹೊರಗಿನವರಿಂದ ವರ್ಷಕ್ಕೆ 50,000 ದಾಟಿದರೆ ದಾಟಿದ್ದಕ್ಕಷ್ಟೇ ಅಲ್ಲ, ಪೂರ್ತಿ ಮೊತ್ತಕ್ಕೆ ತೆರಿಗೆ. 20 ಲಕ್ಷಕ್ಕೆ ಆ ವರ್ಷದ ಹೊಸ ತೆರಿಗೆ ರೆಜೀಮ್‌ನಲ್ಲಿ, ಬೇರೆ ಆದಾಯ ಒಂದು ಪೈಸೆ ಇಲ್ಲದಿದ್ದರೂ 2,08,000. ಮೇಷ್ಟ್ರಿಗೆ ಪೆನ್ಷನ್ ಬೇರೆ.

ವಾಪಸ್ ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ, ನಾಟ್ ರೀಚಬಲ್. ಮಳೆಗಾಲದಲ್ಲಿ ಆ ಕಡೆ ನೆಟ್‌ವರ್ಕ್ ಗೊತ್ತಲ್ವಾ. ಕೊನೆಗೆ ಎತ್ತಿದಾಗ ಅವರು ಕೌಂಟರ್ ಮುಂದೆ ನಿಂತಿದ್ದರು. 'ಮೇಷ್ಟ್ರೇ, ಫಾರಂ ಕೊಡಬೇಡಿ' ಅಂದೆ. ಕಾರಣ ಹೇಳಿದೆ.

ದುಡ್ಡು ಉಳಿಯಿತು ಅಂತ ಖುಷಿಪಡುತ್ತಾರೆ ಅಂದುಕೊಂಡಿದ್ದೆ. ಅವರಿಗೆ ಬಂದಿದ್ದು ಸಿಟ್ಟು. 'ಇವಳನ್ನ ಮದುವೆ ಮಂಟಪಕ್ಕೆ ಎತ್ಕೊಂಡು ಬಂದಿದ್ದು ನಾನು. ನಾನು ನೆಂಟ ಅಲ್ಲ ಅಂತೀಯೇನಯ್ಯಾ?' ಬ್ಯಾಂಕಿನಲ್ಲಿ ಎಲ್ಲರಿಗೂ ಕೇಳಿಸಿರಬೇಕು. ಹಾಗಾದ್ರೆ ಕ್ಯಾಶೇ ಕೊಡ್ಲಿ ಅಂದರು. ಕ್ಯಾಶಲ್ಲಿ 2 ಲಕ್ಷ ಮುಟ್ಟಿದರೆ ತಗೊಂಡವರಿಗೆ ಅಷ್ಟೇ ಮೊತ್ತದ ದಂಡ, ಅದಕ್ಕೆ ನೆಂಟರು ಅನ್ನುವ ರಿಯಾಯಿತಿಯೂ ಇಲ್ಲ ಅಂದೆ. ಫೋನ್ ಇಟ್ಟರು.

ಅಕ್ಕ ವಿಲ್‌ನಲ್ಲೇ ತಮ್ಮನ ಹೆಸರು ಸೇರಿಸಿದ್ದರೆ ಈ ಯಾವ ರಗಳೆಯೂ ಇರುತ್ತಿರಲಿಲ್ಲ. ವಿಲ್‌ನಿಂದ ಬಂದ ದುಡ್ಡಿಗೆ ತೆರಿಗೆ ಇಲ್ಲ, ಸತ್ತವರ ಆಸ್ತಿ ಮೇಲಿದ್ದ ಎಸ್ಟೇಟ್ ಡ್ಯೂಟಿ ಅನ್ನುವ ತೆರಿಗೆ 1985ರಲ್ಲೇ ಹೋಯಿತು. ಜನ ವಿಲ್ ಬರೆಯುವಾಗ ವಕೀಲರ ಹತ್ತಿರ ಮಾತ್ರ ಹೋಗುತ್ತಾರೆ.

ಆಮೇಲೆ ನನಗೊಂದು ಉಪಾಯ ಹೊಳೆಯಿತು. ಮಗಳು ಅಮ್ಮನಿಗೆ ಕೊಟ್ಟರೆ ಮಾಫಿ. ಅಮ್ಮ ಅಣ್ಣನಿಗೆ ಕೊಟ್ಟರೂ ಮಾಫಿ. ನಮ್ಮ ಸಾರ್‌ಗೆ ಹೇಳಿದೆ. ಅವರು ಕನ್ನಡಕ ತೆಗೆದು ಟೇಬಲ್ ಮೇಲಿಟ್ಟರು, ಅಂದರೆ ಬೈಗುಳ ಬರುತ್ತದೆ ಅಂತ ಲೆಕ್ಕ. 'ದುಡ್ಡು ಅಮ್ಮನಿಗೆ ಬೆಳಗ್ಗೆ ಬಂದು ಮಧ್ಯಾಹ್ನ ಹೋದರೆ ನೋಡಿದವನು ಎರಡು ಗಿಫ್ಟ್ ಅಂತಾನಾ? ಅಮ್ಮನಿಗೆ ಕೊಟ್ಟಿದ್ದು ನಿಜವಾಗ್ಲೂ ಅಮ್ಮನದಾಗಿರಬೇಕು. ಅಣ್ಣನಿಗೆ ಕೊಡೋದು ಬಿಡೋದು ಆಯಮ್ಮನ ಇಷ್ಟ. ಮೊದಲೇ ಮಾತಾಡ್ಕೊಂಡು ಮಾಡೋದಾದ್ರೆ ನನ್ನ ಹತ್ರ ಬರಬೇಡಿ.' ಇದನ್ನೇ ಅವರಿಗೆ ತಿಳಿಸಿದೆ. ಮಗಳು ಒಪ್ಪಿದಳು. ಬ್ಯಾಂಕ್ ಮೂಲಕವೇ ದುಡ್ಡು ಅಮ್ಮನ ಖಾತೆಗೆ ಹೋಯಿತು, ಡೀಡೂ ಆಯಿತು.

ಆ ಅಮ್ಮನನ್ನು ನಾನು ಬರೀ ಪೈಪು ಅಂದುಕೊಂಡಿದ್ದೆ. ಅವರು ಸಾರ್ ಮಾತನ್ನು ಅಕ್ಷರಶಃ ತಗೊಂಡರು. 20 ಲಕ್ಷವನ್ನೂ ತಮ್ಮ ಹೆಸರಲ್ಲಿ ಎಫ್‌ಡಿ ಮಾಡಿಸಿದರು. ಅಣ್ಣನಿಗೆ ಕೊಡೋದಾ? ಅಡಿಕೆ ಕೊಯ್ಲು ಮುಗೀಲಿ, ನೋಡೋಣ ಅಂದರಂತೆ.

ಮೇಷ್ಟ್ರು ಈಗಲೂ ಫೋನ್ ಮಾಡುತ್ತಾರೆ. ಮೊನ್ನೆ ಕೇಳಿದ್ದು, 'ತಂಗಿ ಕೊಡದೇ ಇದ್ರೆ ಯಾವ ಸೆಕ್ಷನ್ನಯ್ಯಾ?'