ಚಟ್ನಿ ಮಿಕ್ಸಿಯಲ್ಲಿ ವೈರಸ್

ನಮ್ಮ ಫೇಜ್ ಮೇಷ್ಟ್ರ ಸಂತಾಪ ಸಭೆಯಲ್ಲಿ ಎಲ್ಲರೂ ಅವರನ್ನು ಶಿಸ್ತಿನ ಸಿಪಾಯಿ ಅಂದರು. ನನಗೆ ನಗು ತಡೆಯೋದು ಕಷ್ಟವಾಯಿತು. ಬಿ.ಎಸ್ಸಿ. ಹುಡುಗರ ಕೈಗೆ ಲ್ಯಾಬ್ ಒಪ್ಪಿಸಿ, ರಾತ್ರಿ ಊಟಕ್ಕೆ ಮನೆಗೆ ಹೋಗುತ್ತಿದ್ದವರು ಅವರು!

ಸೊರಬದ ಕಡೆಯವರು. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಊರಿನವರಿಗೂ ಜ್ವರ ಹತ್ತಿದಾಗ ಪ್ರೈಮರಿ ಶಾಲೆಯ ಹುಡುಗ. ವೈರಸ್ ಹುಚ್ಚು ಹಿಡಿದದ್ದು ಅಲ್ಲಿಂದಲೇ. ಆದರೆ ಮಂಗನ ಕಾಯಿಲೆಯ ವೈರಸನ್ನು ಕಾಲೇಜು ಲ್ಯಾಬಿನಲ್ಲಿ ಮುಟ್ಟುವ ಹಾಗಿಲ್ಲ. ಹಾಗಾಗಿ ನಮ್ಮ ಪಾಲಿಗೆ ಬಂದದ್ದು ಬ್ಯಾಕ್ಟೀರಿಯಾಕ್ಕೆ ಹತ್ತುವ ವೈರಸ್, ಅಂದರೆ ಫೇಜ್. ಮನುಷ್ಯರ ತಂಟೆಗೆ ಬರುವುದಿಲ್ಲ, ಮೋರಿ ನೀರಿನಲ್ಲಿ ಧಾರಾಳವಾಗಿ ಸಿಗುತ್ತದೆ. ನೀರು ಸೋಸಿ, ಇ. ಕೋಲಿ ಬ್ಯಾಕ್ಟೀರಿಯಾ ಜೊತೆ ಮೆತ್ತನೆಯ ಅಗರ್ ಜೆಲ್ಲಿಯಲ್ಲಿ ಬೆರೆಸಿ ತಟ್ಟೆಗೆ ಹೊಯ್ಯಬೇಕು. ಮರುದಿನ ಬೆಳಗ್ಗೆ ಮಬ್ಬು ಪದರದ ನಡುವೆ ತಿಳಿ ಚುಕ್ಕಿಗಳು. ಅವೇ ಪ್ಲೇಕ್. ಅಲ್ಲಿದ್ದ ಬ್ಯಾಕ್ಟೀರಿಯಾ ಒಡೆದು ಸತ್ತಿವೆ ಅಂತ ಲೆಕ್ಕ. ಅಚ್ಚುಕಟ್ಟಾದ ಪ್ಲೇಕ್ ಬರುತ್ತಿದ್ದದ್ದು ನನ್ನ ತಟ್ಟೆಯಲ್ಲೇ. ಬೇಕಿದ್ರೆ ಬ್ಯಾಚಿನವರನ್ನು ಕೇಳಿ.

“ವೈರಸ್‌ಗೆ ಸ್ವಂತ ಅಡುಗೆಮನೆ ಇಲ್ಲ ಕಣ್ರೋ” ಅನ್ನುತ್ತಿದ್ದರು ಮೇಷ್ಟ್ರು. ಟಿ4 ಫೇಜ್ ತನ್ನ ಡಿಎನ್‌ಎಯನ್ನು ಬ್ಯಾಕ್ಟೀರಿಯಾದೊಳಗೆ ಚುಚ್ಚುತ್ತದೆ. ಅದರ ಡಿಎನ್‌ಎ ಕತ್ತರಿಸಿ, ಆ ಚೂರುಗಳಿಂದಲೂ ತನ್ನದನ್ನು ಕಟ್ಟಿಕೊಳ್ಳುತ್ತದೆ. ಪ್ರೋಟೀನ್ ಮಾಡಲು ಅದರದೇ ರೈಬೋಸೋಮ್. 37 ಡಿಗ್ರಿಯಲ್ಲಿ ಅರ್ಧ ಗಂಟೆಯ ಸುಮಾರಿಗೆ ಕೋಶ ಒಡೆದು, ನೂರರ ಆಸುಪಾಸು ಮರಿಗಳು ಹೊರಗೆ.

1952ರಲ್ಲಿ ಹರ್ಷಿ ಮತ್ತು ಚೇಸ್ ಎಂಬ ವಿಜ್ಞಾನಿಗಳು ಇದರ ಸೋದರ ಟಿ2 ಫೇಜನ್ನು ಬ್ಯಾಕ್ಟೀರಿಯಾಕ್ಕೆ ಅಂಟಿಸಿ, ಬ್ಲೆಂಡರ್‌ನಲ್ಲಿ ತಿರುಗಿಸಿದ್ದರು. ಒಳಗೆ ಹೋಗುವುದು ಮುಖ್ಯವಾಗಿ ಡಿಎನ್‌ಎ, ಪ್ರೋಟೀನ್ ಕವಚ ಹೊರಗೇ ಉಳಿಯುತ್ತದೆ ಅಂತ ಗೊತ್ತಾಯಿತು. ಈ ಪಾಠ ಕೇಳಿದ ಸಂಜೆಯೇ ಹಾಸ್ಟೆಲ್ ಮೆಸ್ಸಿನ ಮಿಕ್ಸಿ ಮಾಯ! ಅವರ ಹಾಗೆ ಡಿಎನ್‌ಎಗೆ, ಪ್ರೋಟೀನಿಗೆ ವಿಕಿರಣದ ಗುರುತು ಹಾಕಲು ನಮ್ಮ ಹತ್ತಿರ ಏನಿತ್ತು? ಸುಮ್ನೆ ಫೇಜ್ ಬೆರೆಸಿ, ಸ್ವಲ್ಪ ಹೊತ್ತು ಬಿಟ್ಟು, ಗರ್ರ್ ಅನ್ನಿಸಿದೆವು. ಪ್ಲೇಕ್ ಬಂದೇ ಬಂದವು. ಬೆಳಗ್ಗೆ ದೋಸೆಗೆ ಚಟ್ನಿ ಇಲ್ಲ. ಅಡುಗೆ ಭಟ್ಟರು ನೇರ ಲ್ಯಾಬಿಗೇ ನುಗ್ಗಿದರು. ಮೇಷ್ಟ್ರು ತಟ್ಟೆಯನ್ನು ಬೆಳಕಿಗೆ ಹಿಡಿದು ಕೇಳಿದ್ದು ಒಂದೇ: “ಹೋಲಿಸಿ ನೋಡಲು ಮಿಕ್ಸಿಗೆ ಹಾಕದ ಕಂಟ್ರೋಲ್ ಎಲ್ಲಿ?” ಆಮೇಲೆ ತಮ್ಮ ಸಂಬಳದಲ್ಲಿ ಮೆಸ್ಸಿಗೆ ಹೊಸ ಮಿಕ್ಸಿ ಕೊಡಿಸಿದರು. ಹಳೆಯದು ಲ್ಯಾಬಿನ ಆಸ್ತಿಯಾಯಿತು. ಭಟ್ಟರು ಮಾತ್ರ ನಾವು ಕಾಲೇಜು ಬಿಡುವವರೆಗೂ ನಮ್ಮ ತಟ್ಟೆಗೆ ಚಟ್ನಿ ಕಡಿಮೆಯೇ ಬಡಿಸಿದರು.

ಈಗ ಎಲ್ಲ ಸೆಮಿಸ್ಟರ್ ಗಡಿಬಿಡಿ. ಅನಿಮೇಷನ್ ತೋರಿಸಿ, ರೆಕಾರ್ಡ್ ಬರೆಸಿ, ಸಹಿ ಹಾಕಿದರೆ ಪ್ರಾಕ್ಟಿಕಲ್ ಮುಗಿಯಿತಂತೆ. ಲಸಿಕೆ ಕಂಪನಿಯೊಂದರ ಲ್ಯಾಬ್ ನಡೆಸುವ ನನ್ನ ಮುಂದೆ ಇಂಟರ್‌ವ್ಯೂಗೆ ಬರುವ ಮಕ್ಕಳು ಫೇಜ್ ಚಿತ್ರವನ್ನು ನನಗಿಂತ ಚೆನ್ನಾಗಿ ಬಿಡಿಸುತ್ತಾರೆ. ಪ್ಲೇಕ್ ಎಣಿಸಿದ್ದೀರಾ ಅಂದರೆ ತಲೆ ಕೆರೆದುಕೊಳ್ಳುತ್ತಾರೆ. ಅವರನ್ನು ಬೈದು ಏನು ಪ್ರಯೋಜನ, ಅಲ್ವಾ? ಮೇಷ್ಟ್ರ ಹೆಸರಿನಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಒಂದು ಇನ್‌ಕ್ಯುಬೇಟರ್ ಕೊಡಿಸುತ್ತೇನೆ ಅಂತ ಕಾಲೇಜಿಗೆ ಪತ್ರ ಬರೆದಿದ್ದೇನೆ. ಒಂದೇ ಷರತ್ತು. ಅದನ್ನು ಗಾಜಿನ ಬೀರುವಿನಲ್ಲಿಟ್ಟು ಹಾರ ಹಾಕಬಾರದು, ಎರಡನೇ ವರ್ಷದವರ ಕೈಗೇ ಕೊಡಬೇಕು. ಕೆಟ್ಟರೆ ರಿಪೇರಿ ಖರ್ಚೂ ನನ್ನದೇ.